ಹತ್ತು ನಿಮಿಷದ ಬಿಡುವು: ನೀಲಗಿರಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ನೀಲಗಿರಿ ಜಿಲ್ಲೆ, ಉದಕಮಂಡಲ

ವಿಷಯ: ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆದ ಕೆಲಸಗಾರರಿಗೆ ಕೆಲಸದ ಜಾಗದಲ್ಲಿ ಆಹಾರ, ನೀರು ಮತ್ತು ಬಿಡುವಿನ ವ್ಯವಸ್ಥೆ.

ಮಾನ್ಯರೇ,

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆದವರ ಹೊಟ್ಟೆಯಲ್ಲಿ ಒಮ್ಮೆಗೆ ಹಿಡಿಸುವ ಆಹಾರ ಬಹಳ ಕಡಿಮೆ. ಅವರು ದಿನಕ್ಕೆ ಐದಾರು ಸಲ, ಪ್ರತಿ ಸಲವೂ ಸ್ವಲ್ಪವೇ, ನಿಧಾನವಾಗಿ ತಿನ್ನಬೇಕು. ಕೆಲಸದ ಜಾಗದಲ್ಲಿ ಸಿಗುವುದು ಮಧ್ಯಾಹ್ನದ ಒಂದು ಊಟದ ಬಿಡುವು. ಒಂದೇ ಬಿಡುವಿನಲ್ಲಿ ಎಲ್ಲವನ್ನೂ ತಿಂದು ಮುಗಿಸಲು ಹೋದರೆ ವಾಂತಿ, ಹೊಟ್ಟೆನೋವು, ತಲೆಸುತ್ತು ಬರುತ್ತದೆ. ತಿನ್ನದೆ ಬಿಟ್ಟರೆ ನಿಶ್ಶಕ್ತಿ, ರಕ್ತಹೀನತೆ, ಕೂದಲು ಉದುರುವಿಕೆ ಶುರುವಾಗುತ್ತದೆ. ಇದಕ್ಕೆ ಪರಿಹಾರ ದುಬಾರಿಯಲ್ಲ. ಹತ್ತು ಹತ್ತು ನಿಮಿಷದ ಎರಡು ಬಿಡುವು, ಕೂರಲು ಒಂದು ಜಾಗ, ಕೈಗೆಟಕುವ ನೀರು ಸಾಕು. ಅದು ಮೇಸ್ತ್ರಿಯ ಅಥವಾ ಮಾಲೀಕರ ದಯೆಗೆ ಬಿಟ್ಟ ವಿಷಯವಾಗದೆ ಜಿಲ್ಲಾಡಳಿತದ ಸೂಚನೆಯಾಗಿ ಬರಬೇಕು ಎಂಬುದೇ ಈ ಪತ್ರದ ಕೋರಿಕೆ.

ಈ ಶಸ್ತ್ರಚಿಕಿತ್ಸೆ ಹೊಸದಲ್ಲ. ಜಠರದ ಸಣ್ಣ ಭಾಗವನ್ನು ಬೇರ್ಪಡಿಸಿ ನೇರವಾಗಿ ಕರುಳಿಗೆ ಜೋಡಿಸುವ ಬೈಪಾಸ್ ವಿಧಾನವನ್ನು 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ ಆರಂಭಿಸಿದರು. ಇಂದು ಹೆಚ್ಚು ನಡೆಯುವುದು ಎರಡು ಬಗೆ. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಕೊಳವೆಯಾಕಾರದಲ್ಲಿ ಬಿಡುತ್ತಾರೆ. ಬೈಪಾಸ್ ವಿಧಾನದಲ್ಲಿ ಉಳಿಯುವ ಚೀಲ ಸುಮಾರು 30 ಮಿಲಿಲೀಟರಿನಷ್ಟು, ಅಂದರೆ ಎರಡು ದೊಡ್ಡ ಚಮಚ ನೀರು ಹಿಡಿಯುವಷ್ಟು. ಎರಡರಲ್ಲೂ ಹಸಿವಿನ ಹಾರ್ಮೋನುಗಳು ಬದಲಾಗುತ್ತವೆ; ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಅನೇಕರಲ್ಲಿ ಹತೋಟಿಗೆ ಬರುತ್ತವೆ. ಆದ್ದರಿಂದ ಇದನ್ನು ಅಂದಚಂದದ ಚಿಕಿತ್ಸೆ ಎಂದು ತಳ್ಳಿಹಾಕುವುದು ತಪ್ಪು. ವಿಮಾ ನಿಯಂತ್ರಣ ಪ್ರಾಧಿಕಾರವೂ 2019ರ ನಿಯಮಗಳಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 40 ಅಥವಾ ಅದಕ್ಕಿಂತ ಹೆಚ್ಚಿರುವವರಿಗೆ, ಗಂಭೀರ ಕಾಯಿಲೆಗಳಿದ್ದರೆ 35 ಅಥವಾ ಅದಕ್ಕಿಂತ ಹೆಚ್ಚಿರುವವರಿಗೆ, ವೈದ್ಯರ ಸಲಹೆಯ ಮೇರೆಗೆ ನಡೆಯುವ ಈ ಚಿಕಿತ್ಸೆಯನ್ನು ಮಾನ್ಯ ಮಾಡಿದೆ. 160 ಸೆಂಟಿಮೀಟರ್ ಎತ್ತರದವರಲ್ಲಿ ಬಿಎಂಐ 40 ಎಂದರೆ ಸುಮಾರು 102 ಕಿಲೊ.

ಈ ಚಿಕಿತ್ಸೆಯ ಅಗತ್ಯ ಇರುವವರು ಹೆಚ್ಚುತ್ತಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ ಶೇ 40ರಷ್ಟು ಮಹಿಳೆಯರ, ಶೇ 37ರಷ್ಟು ಪುರುಷರ ತೂಕ ಇರಬೇಕಾದುದಕ್ಕಿಂತ ಹೆಚ್ಚು. ಇಡೀ ದೇಶದ ಲೆಕ್ಕದಲ್ಲಿ ಅದು ಶೇ 24 ಮತ್ತು 23ರ ಆಸುಪಾಸಿನಲ್ಲಿದೆ. ಬೆಟ್ಟದವರು ಇಂಥ ಚಿಕಿತ್ಸೆಗೆ ಕೊಯಮತ್ತೂರಿಗೋ ಮೈಸೂರಿಗೋ ಬೆಂಗಳೂರಿಗೋ ಇಳಿಯುತ್ತಾರೆ. ಆಸ್ಪತ್ರೆಯಲ್ಲಿ ಕಳೆಯುವುದು ಕೆಲವೇ ದಿನ. ಆಮೇಲಿನ ಪಥ್ಯವೆಲ್ಲ ಹಟ್ಟಿಯಲ್ಲಿ, ತೋಟದಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ನಡೆಯಬೇಕು.

ಆ ಪಥ್ಯಕ್ಕೊಂದು ಕ್ರಮವಿದೆ. ಮೊದಲ ಎರಡು ವಾರ ಬರೀ ದ್ರವ. ಆಮೇಲೆ ರುಬ್ಬಿದ, ಬಳಿಕ ಮೆತ್ತಗೆ ಬೆಂದ ಆಹಾರ. ಆರರಿಂದ ಎಂಟು ವಾರಗಳ ನಂತರ ಮಾಮೂಲಿ ಊಟ. ಕುಳಿತು ಮಾಡುವ ಕೆಲಸಕ್ಕೆ ಎರಡರಿಂದ ನಾಲ್ಕು ವಾರಗಳಲ್ಲಿ ಮರಳಬಹುದು. ಎಲೆಯ ಮೂಟೆ, ತರಕಾರಿ ಚೀಲ ಎತ್ತುವವರಿಗೆ ಇನ್ನೂ ಹೆಚ್ಚು ಸಮಯ ಬೇಕು. ಅಂದರೆ ಬಹಳ ಮಂದಿ ಕೆಲಸಕ್ಕೆ ಹಿಂತಿರುಗುವಾಗ ಇನ್ನೂ ಗಂಜಿ, ಮೊಸರಿನ ಹಂತದಲ್ಲಿರುತ್ತಾರೆ. ಆಮೇಲೂ ಜೀವನಪೂರ್ತಿ ಉಳಿಯುವ ನಿಯಮಗಳಿವೆ: ತುತ್ತು ಚಿಕ್ಕದಿರಬೇಕು, ಚೆನ್ನಾಗಿ ಅಗಿಯಬೇಕು, ಊಟದ ಜೊತೆ ನೀರು ಕುಡಿಯಬಾರದು, ಉಂಡ ಅರ್ಧ ಗಂಟೆ ಕಳೆದ ಮೇಲೆ ಗುಟುಕು ಗುಟುಕಾಗಿ ಕುಡಿಯಬೇಕು, ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಒಳಗೆ ಹೋಗಬೇಕು.

ಒಂದು ಮೊಟ್ಟೆಯಲ್ಲಿರುವ ಪ್ರೋಟೀನ್ ಸುಮಾರು 6 ಗ್ರಾಂ. ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. 60 ಗ್ರಾಂ ತಲುಪಲು ಬೆಳಗಿನಿಂದ ರಾತ್ರಿಯವರೆಗೆ ಹಲವು ಸಲ ತಿನ್ನಲೇಬೇಕು ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಬೆಟ್ಟದ ಅಡುಗೆಮನೆಯಲ್ಲಿ ಇದಕ್ಕೆ ಒದಗುವ ಪದಾರ್ಥಗಳು ಬೇಕಾದಷ್ಟಿವೆ: ಇಲ್ಲಿನ ಬಡಗರ ಅವರೆ ಉದಕ (ಅವರೆಕಾಳಿನ ಸಾರು), ಹುರುಳಿ, ಮೊಸರು, ಮೊಟ್ಟೆ. ತೊಂದರೆ ಕೊಡುವವೂ ಇವೆ. ರಾಗಿ ಹಿಟ್ಟನ್ನು (ಮುದ್ದೆಯನ್ನು) ಅಗಿಯದೆ ನುಂಗುವ ರೂಢಿ ಇರುವವರಿಗೆ ಅದು ಎದೆಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ಅವರು ರಾಗಿಯನ್ನು ಗಂಜಿಯಾಗಿ ಕುಡಿಯುವುದು ಒಳ್ಳೆಯದು. ಗಟ್ಟಿಯಾದ ಅನ್ನ, ಬನ್ನು, ಒಣಗಿದ ಮಾಂಸವೂ ಹಾಗೆಯೇ ಸಿಕ್ಕಿಕೊಳ್ಳುವ ವಸ್ತುಗಳು. ಅವಸರದಲ್ಲಿ ತಿಂದಾಗ ಎದೆ ಬಿಗಿಯುತ್ತದೆ, ಬಾಯಲ್ಲಿ ನೊರೆನೊರೆಯಾಗಿ ಜೊಲ್ಲು ತುಂಬುತ್ತದೆ, ತಿಂದದ್ದು ಹೊರಬರುತ್ತದೆ. ನೋಡುವವರಿಗೆ ಅದು ಅಸಹ್ಯವಾಗಿ ಕಾಣಬಹುದು; ಅನುಭವಿಸುವವರಿಗೆ ಅವಮಾನ. ಎರಡು ಇಡ್ಲಿಗೆ ಇಪ್ಪತ್ತು ನಿಮಿಷ ಸಿಕ್ಕರೆ ಈ ಪಾಡು ಬಹುಮಟ್ಟಿಗೆ ತಪ್ಪುತ್ತದೆ.

ಇನ್ನೊಂದು ತೊಂದರೆಯನ್ನು ವೈದ್ಯರು ಡಂಪಿಂಗ್ ಎನ್ನುತ್ತಾರೆ. ಇದು ಬೈಪಾಸ್ ಆದವರಲ್ಲಿ ಹೆಚ್ಚು. ಸಿಹಿ ಪದಾರ್ಥ ಕರುಳಿಗೆ ಒಮ್ಮೆಲೇ ಸುರಿದಾಗ ಹತ್ತರಿಂದ ಮೂವತ್ತು ನಿಮಿಷಗಳಲ್ಲಿ ಹೊಟ್ಟೆ ಹಿಂಡುವುದು, ಬೆವರು, ಎದೆಬಡಿತ, ಭೇದಿ ಬರುತ್ತದೆ. ಒಂದರಿಂದ ಮೂರು ಗಂಟೆಯ ನಂತರ ಬರುವ ಬಗೆ ಇನ್ನೂ ಅಪಾಯದ್ದು: ರಕ್ತದ ಸಕ್ಕರೆ ಕುಸಿದು ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ. ಟೀ ಫ್ಯಾಕ್ಟರಿಯ ಯಂತ್ರದ ಮುಂದೆ ನಿಂತವರಿಗೆ, ಕಲ್ಹಟ್ಟಿ ಘಾಟಿಯ ತಿರುವುಗಳಲ್ಲಿ ಸ್ಟೇರಿಂಗ್ ಹಿಡಿದವರಿಗೆ ಹೀಗಾದರೆ ಅದು ಅವರೊಬ್ಬರ ಸಮಸ್ಯೆಯಾಗಿ ಉಳಿಯುವುದಿಲ್ಲ. ಹೊತ್ತಿಗೆ ಸರಿಯಾಗಿ, ಸಕ್ಕರೆ ಇಲ್ಲದ, ಪ್ರೋಟೀನ್ ಇರುವ ತಿನಿಸು ತಿನ್ನುವುದೇ ಇದಕ್ಕೆ ಮುಖ್ಯ ತಡೆ.

ನೀರಿನ ವಿಷಯವನ್ನು ಬೆಟ್ಟದಲ್ಲಿ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಈ ಶಸ್ತ್ರಚಿಕಿತ್ಸೆ ಆದವರು ಗಟಗಟನೆ ನೀರು ಕುಡಿಯಲಾರರು. ದಿನದ ಒಂದೂವರೆ ಲೀಟರನ್ನು ಗುಟುಕಿನ ಲೆಕ್ಕದಲ್ಲೇ ಮುಗಿಸಬೇಕು. ಎರಡು ಸಾವಿರ ಮೀಟರಿಗೂ ಎತ್ತರದ ಚಳಿಯಲ್ಲಿ ಬಾಯಾರಿಕೆಯೇ ಗೊತ್ತಾಗುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟುವ ನಸುಕಿನಲ್ಲಿ ತಣ್ಣೀರು ಮುಟ್ಟುವವರೂ ಕಡಿಮೆ. ಈ ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಆಸ್ಪತ್ರೆ ಸೇರಲು ದೇಹದ ನೀರಿನಂಶ ಕುಗ್ಗುವುದು ಒಂದು ಸಾಮಾನ್ಯ ಕಾರಣ. ಶೌಚಾಲಯ ದೂರವಿರುವ ಕಡೆ ಹೆಣ್ಣುಮಕ್ಕಳು ಬೇಕೆಂದೇ ನೀರು ಕುಡಿಯುವುದಿಲ್ಲ ಎಂಬುದನ್ನೂ ಇಲ್ಲಿ ಮರೆಯಬಾರದು. ಪ್ಲಾಸ್ಟಿಕ್ ಬಾಟಲಿ ನಿಷೇಧಿಸಿ, ರಸ್ತೆ ಬದಿಗಳಲ್ಲಿ ನೀರಿನ ಎಟಿಎಂ ನಿಲ್ಲಿಸಿದ ಜಿಲ್ಲೆ ಇದು. ಆಡಳಿತ ಮನಸ್ಸು ಮಾಡಿದರೆ ಜನ ನೀರು ಕುಡಿಯುವ ಬಗೆಯೇ ಬದಲಾಗಬಲ್ಲದು ಎಂಬುದಕ್ಕೆ ಹೊರಗಿನ ಉದಾಹರಣೆ ಬೇಕಿಲ್ಲ.

ಟೀ ಬೆಳೆಯುವ ಜಿಲ್ಲೆಯಲ್ಲಿ ಟೀ ಕುಡಿಯಬೇಡಿ ಎನ್ನುವುದು ಕಷ್ಟ. ಆದರೆ ಕೆಲಸದ ನಡುವಿನ ಸಕ್ಕರೆ ಹಾಕಿದ ಟೀ ಈ ರೋಗಿಗಳಿಗೆ ಎರಡು ಬಗೆಯಲ್ಲಿ ತೊಡಕು: ಸಕ್ಕರೆಯಿಂದ ಡಂಪಿಂಗ್, ಟೀಯಲ್ಲಿನ ಟ್ಯಾನಿನ್ ಅಂಶಗಳಿಂದ ಕಬ್ಬಿಣಾಂಶ ರಕ್ತಕ್ಕೆ ಸರಿಯಾಗಿ ಸೇರದಿರುವುದು. ಶಸ್ತ್ರಚಿಕಿತ್ಸೆಯಿಂದಾಗಿ ಕಬ್ಬಿಣ, ವಿಟಮಿನ್ ಬಿ12, ಕ್ಯಾಲ್ಸಿಯಂ, ವಿಟಮಿನ್ ಡಿ ಕೊರತೆಯಾಗುವ ಸಂಭವ ಮೊದಲೇ ಇರುತ್ತದೆ; ಹಾಗಾಗಿ ಮಾತ್ರೆಗಳನ್ನು ಜೀವನಪೂರ್ತಿ ನುಂಗಬೇಕು. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆ ಅಂತರವಿರಬೇಕು. ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ತೆಗೆದುಕೊಳ್ಳಬಾರದು. ಮೈಕೈ ನೋವಿಗೆಂದು ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆಗಳಲ್ಲಿ ಹಲವು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ; ಅದರಲ್ಲೂ ಬೈಪಾಸ್ ಆದವರು ವೈದ್ಯರನ್ನು ಕೇಳದೆ ಅವನ್ನು ಮುಟ್ಟಕೂಡದು. ಟೀ ಬದಲಿಗೆ ಬಿಸಿ ಹಾಲು, ಮಜ್ಜಿಗೆ, ತೆಳು ಬೇಳೆಕಟ್ಟು ಕೊಟ್ಟರೆ ಅದೇ ಬಿಡುವು ಔಷಧದಷ್ಟೇ ಉಪಕಾರಿ.

ಜಿಲ್ಲೆಯ ಕೆಲಸಗಳ ಸ್ವರೂಪ ನೋಡಿದರೆ ಈ ಬಿಡುವು ಅಸಾಧ್ಯವಲ್ಲ. ಟೀ ತೋಟದಲ್ಲಿ ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಎಲೆ ತೂಕ ಹಾಕುತ್ತಾರೆ. ತೂಕದ ಸಾಲಿನಲ್ಲಿ ನಿಲ್ಲುವ ಹೊತ್ತಿನಲ್ಲೇ ಒಂದು ಬಿಡುವು ಕೂಡಿಸಬಹುದು. ಆದರೆ ಕಿಲೊ ಲೆಕ್ಕದ ಹೆಚ್ಚುವರಿ ಕೂಲಿ ಇರುವ ಕಡೆ ಹತ್ತು ನಿಮಿಷ ಕುಳಿತರೂ ಆದಾಯ ತಪ್ಪುತ್ತದೆ ಎಂಬ ಭಯ ಇರುತ್ತದೆ. ಒಳ್ಳೆಯ ಮನಸ್ಸಿನ ಮೇಸ್ತ್ರಿ ಇದ್ದರೂ ಆ ಭಯ ಹೋಗುವುದಿಲ್ಲ; ಲಿಖಿತ ಸೂಚನೆ ಬೇಕು. ನಂಜನಾಡು, ಮುತ್ತೊರೈ ಕಡೆಯ ತರಕಾರಿ ಹೊಲಗಳ ಕತೆ ಬೇರೆ. ಕ್ಯಾರೆಟ್ ಕೀಳುವವರು ಬೆಳಕು ಹರಿಯುವ ಮೊದಲೇ ವಾಹನ ಹತ್ತುತ್ತಾರೆ. ಕಿತ್ತ ಗಡ್ಡೆ ಯಂತ್ರದಲ್ಲಿ ತೊಳೆದು ಮೆಟ್ಟುಪಾಳ್ಯದ ಮಂಡಿಗೆ ಹೊರಡುವವರೆಗೆ ಯಾರಿಗೂ ಪುರಸೊತ್ತಿಲ್ಲ. ಅಲ್ಲಿ ಬೆಳಗಿನ ಮೊದಲ ತುತ್ತಿಗೇ ಸಮಯ ಗೊತ್ತುಮಾಡಬೇಕಾಗುತ್ತದೆ. ಅಂಗಡಿ, ಹೋಟೆಲುಗಳಲ್ಲಿ ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ ಬಿಡುವು ಕೊಡಬಹುದು. ಬಸ್ ಚಾಲಕರು, ಕಂಡಕ್ಟರುಗಳಿಗೆ ಪ್ರತಿ ಟ್ರಿಪ್ಪಿನ ಕೊನೆಯೇ ಬಿಡುವಿನ ಜಾಗ.

ಕಾನೂನು ಈ ಕೋರಿಕೆಗೆ ವಿರುದ್ಧವಾಗಿಲ್ಲ. 1948ರ ಕಾರ್ಖಾನೆ ಕಾಯ್ದೆಯೂ 1951ರ ತೋಟ ಕಾರ್ಮಿಕರ ಕಾಯ್ದೆಯೂ ಸತತ ದುಡಿಮೆ ಐದು ಗಂಟೆ ಮೀರದಂತೆ ಕನಿಷ್ಠ ಅರ್ಧ ಗಂಟೆಯ ಬಿಡುವನ್ನು ಗೊತ್ತುಮಾಡಿದವು. ತೋಟದಲ್ಲಿ 150 ಮಂದಿ ಕೆಲಸಗಾರರಿದ್ದರೆ ಕ್ಯಾಂಟೀನ್ ಬೇಕೆಂದು ತೋಟ ಕಾಯ್ದೆ ಹೇಳಿತು. ಇವೆಲ್ಲವನ್ನು ಒಗ್ಗೂಡಿಸಿದ 2020ರ ಸಂಹಿತೆ ಆ ಸಂಖ್ಯೆಯನ್ನು 100ಕ್ಕೆ ಇಳಿಸಿದೆ. ಅಂಗಡಿಗಳಲ್ಲಿ ದಿನವಿಡೀ ನಿಲ್ಲುವವರಿಗೆ ಆಸನ ಕೊಡಬೇಕೆಂದು ತಮಿಳುನಾಡು 2021ರಲ್ಲಿ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದಿತು. ಇವೆಲ್ಲ ಕನಿಷ್ಠ ಸೌಲಭ್ಯಗಳು. ಅದಕ್ಕಿಂತ ಹೆಚ್ಚು ಕೊಡಬಾರದೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಅರ್ಧ ಗಂಟೆ ಹಾಗೆಯೇ ಉಳಿಯಲಿ, ಅದರ ಜೊತೆಗೆ ಎರಡು ಸಣ್ಣ ಬಿಡುವು ಸೇರಲಿ ಎಂಬುದಷ್ಟೇ ಇಲ್ಲಿನ ಬೇಡಿಕೆ.

ಜೊತೆಯವರ ನಡವಳಿಕೆಯೂ ಇದರಲ್ಲಿ ಸೇರುತ್ತದೆ. ಊರಿನಲ್ಲಿ ಉಣ್ಣಿಸುವುದೇ ಪ್ರೀತಿ. ಅರ್ಧ ತಟ್ಟೆಗೆ ಕೈ ತೊಳೆದವರನ್ನು ‘ಇನ್ನೊಂದು ತುತ್ತು’ ಎಂದು ಒತ್ತಾಯಿಸುತ್ತಾರೆ, ಹಬ್ಬದ ಸಿಹಿಯನ್ನು ಕೈಗೇ ಇಡುತ್ತಾರೆ. ಇಲ್ಲವೆಂದರೆ ಕಾರಣ ಕೇಳುತ್ತಾರೆ. ಕಾರಣ ಹೇಳಿದರೆ ದೇಹದ ಬಗ್ಗೆ ಮಾತು ಶುರುವಾಗುತ್ತದೆ. ಎಷ್ಟೋ ಮಂದಿ ಇದಕ್ಕೇ ಅಂಜಿ ಒಬ್ಬರೇ ಕುಳಿತು ತಿನ್ನುತ್ತಾರೆ ಅಥವಾ ತಿನ್ನುವುದನ್ನೇ ಬಿಡುತ್ತಾರೆ. ಚಿಕಿತ್ಸೆಯ ವಿವರ ಹೇಳಲೇಬೇಕೆಂಬ ಒತ್ತಡ ಯಾರ ಮೇಲೂ ಇರಬಾರದು. ‘ಆಗಾಗ ಸ್ವಲ್ಪ ಆಹಾರ ಅಗತ್ಯ’ ಎಂಬ ವೈದ್ಯರ ಒಂದು ಸಾಲಿನ ಚೀಟಿ ಸಾಕಾಗಬೇಕು. ಹೀಗೆ ಮಾಡಿದರೆ ಕ್ಯಾನ್ಸರಿನಿಂದ ಜಠರ ತೆಗೆಸಿಕೊಂಡವರು, ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿಯರು ಕೂಡ ಅದೇ ಚೀಟಿಯ ನೆರಳಿಗೆ ಬರುತ್ತಾರೆ.

ಕೊನೆಯದು ಅಪಾಯದ ಸೂಚನೆಗಳು. ಒಂದೆರಡು ದಿನಕ್ಕೂ ನಿಲ್ಲದ ವಾಂತಿ, ನೀರೂ ಇಳಿಯದಿರುವುದು, ತೀವ್ರ ಹೊಟ್ಟೆನೋವು, ಕಪ್ಪು ಮಲ, ಜ್ವರ, ನಡಿಗೆ ತಡವರಿಸುವುದು, ಕಣ್ಣಿಗೆ ಎರಡೆರಡಾಗಿ ಕಾಣುವುದು: ಇವುಗಳಲ್ಲಿ ಯಾವುದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬಿಡದೆ ವಾಂತಿಯಾದಾಗ ವಿಟಮಿನ್ ಬಿ1 ಬೇಗ ಬರಿದಾಗಿ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆ ಘಾಟಿಯ ಕೆಳಗಿದ್ದರೂ ಮೊದಲ ನೆರವು ಬೆಟ್ಟದಲ್ಲೇ ಸಿಗಬೇಕು. ಉದಕಮಂಡಲದ ಸರ್ಕಾರಿ ವೈದ್ಯಕೀಯ ಕಾಲೇಜಿನ ಹೊಸ ಆಸ್ಪತ್ರೆ 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಗಿದೆ. 2021ರಲ್ಲಿ ಶುರುವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯ ಕಾರ್ಯಕರ್ತೆಯರು ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಹಿಡಿದು ಮನೆಮನೆಗೆ ಹೋಗುತ್ತಿದ್ದಾರೆ. ಈ ಎರಡು ಆಸರೆ ಇರುವ ಜಿಲ್ಲೆಯಲ್ಲಿ ಇಂಥ ರೋಗಿಗಳು ವರ್ಷಕ್ಕೊಂದು ರಕ್ತಪರೀಕ್ಷೆಗೂ ಘಾಟಿ ಇಳಿಯಬೇಕಾಗಿ ಬರಬಾರದು.

ಆದ್ದರಿಂದ ತಾವು ಈ ಕೆಳಗಿನ ಸೂಚನೆಗಳನ್ನು ಹೊರಡಿಸಬೇಕೆಂದು ವಿನಂತಿ:

1. ವೈದ್ಯರ ಚೀಟಿ ತಂದ ಕೆಲಸಗಾರರಿಗೆ ಊಟದ ಬಿಡುವಿನ ಜೊತೆ, ಬೆಳಿಗ್ಗೆ ಮತ್ತು ಮಧ್ಯಾಹ್ನ ತಲಾ ಹತ್ತು ನಿಮಿಷದ ಬಿಡುವು ಕೊಡಬೇಕು. ಅದಕ್ಕಾಗಿ ಕೂಲಿ ಕಡಿಯಬಾರದು.

2. ತೋಟ, ಫ್ಯಾಕ್ಟರಿ, ತರಕಾರಿ ತೊಳೆಯುವ ಘಟಕಗಳಲ್ಲಿ ಚಳಿಗಾಳಿ ತಾಗದ ಕೂರುವ ಜಾಗ, ಕುಡಿಯಲು ಬೆಚ್ಚಗಿನ ನೀರು, ಹತ್ತಿರದಲ್ಲೇ ಶೌಚಾಲಯ ಇರಬೇಕು. ತಪಾಸಣೆಗೆ ಹೋಗುವ ಕಾರ್ಮಿಕ ಇಲಾಖೆಯ ಅಧಿಕಾರಿಗಳು ಇವನ್ನೂ ನೋಡಿ ಬರೆದುಕೊಳ್ಳಬೇಕು.

3. ಕ್ಯಾಂಟೀನುಗಳಲ್ಲಿ ಸಕ್ಕರೆ ಇಲ್ಲದ ಹಾಲು, ಮಜ್ಜಿಗೆ, ಬೇಯಿಸಿದ ಮೊಟ್ಟೆ, ಅರ್ಧ ಪ್ರಮಾಣದ ಊಟ ಅರ್ಧ ಬೆಲೆಗೆ ಸಿಗಬೇಕು.

4. ಸರ್ಕಾರಿ ಆಸ್ಪತ್ರೆಯಲ್ಲಿ ಈ ರೋಗಿಗಳ ರಕ್ತಪರೀಕ್ಷೆ, ಪಥ್ಯದ ಸಲಹೆಗೆ ವಾರದಲ್ಲಿ ಒಂದು ಹೊತ್ತು ಗೊತ್ತುಮಾಡಬೇಕು. ವಿಟಮಿನ್ ಮಾತ್ರೆಗಳನ್ನು ಮನೆಗೆ ತಲುಪಿಸುವ ವ್ಯವಸ್ಥೆಯಾಗಬೇಕು.

5. ಈ ಸೂಚನೆಗಳ ಫಲಕ ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಕೆಲಸದ ಜಾಗಗಳಲ್ಲಿ ಇರಬೇಕು.

ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಕಾಯ್ದೆಯಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ತಮ್ಮ ಕಚೇರಿಯಿಂದ ಒಂದು ಸುತ್ತೋಲೆ ಹೊರಟರೆ ಕೆಲಸ ಶುರುವಾಗುತ್ತದೆ. ದುಡಿದು ಬದುಕುವವರು ಹೊಟ್ಟೆಗೂ ಕೂಲಿಗೂ ನಡುವೆ ಒಂದನ್ನು ಆರಿಸಿಕೊಳ್ಳುವ ಸ್ಥಿತಿ ಈ ಜಿಲ್ಲೆಯಲ್ಲಿ ಬರಬಾರದು. ದಯವಿಟ್ಟು ಆ ಸುತ್ತೋಲೆಯನ್ನು ಬೇಗ ಹೊರಡಿಸಿ.

ಇಂತಿ,
ನಂಜನಾಡಿನ ಒಬ್ಬ ನಿವಾಸಿ