ಒಂದೇ ಬಿ.ಕಾಂ., ಗಡಿಯ ಆಚೆಗೊಂದು ಈಚೆಗೊಂದು



ಹನ್ನೆರಡನೆಯ ಫಲಿತಾಂಶ ಬಂದ ಕೂಡಲೇ ನಮ್ಮ ಗಡಹಿಂಗ್ಲಜ ಕಡೆಯ ಮನೆಗಳಲ್ಲಿ ಪ್ರತಿವರ್ಷ ಒಂದೇ ಪ್ರಶ್ನೆ ಏಳುತ್ತದೆ. ಕಾಮರ್ಸ್ ಓದಿದ ಮಗ ಅಥವಾ ಮಗಳನ್ನು ಇಲ್ಲೇ ಬಿ.ಕಾಂ.ಗೆ ಹಾಕೋಣವೋ, ಇಲ್ಲ ಸಂಕೇಶ್ವರ, ನಿಪ್ಪಾಣಿ, ಬೆಳಗಾವಿ ಕಡೆ ಕಳಿಸೋಣವೋ? ಮೊದಲೆಲ್ಲ ಇದಕ್ಕೆ ಉತ್ತರ ಹೇಳುವುದು ಕಷ್ಟವಿರಲಿಲ್ಲ. ಬಸ್ಸು ಯಾವ ಕಡೆ ಸುಲಭ, ಸೋದರಮಾವನ ಮನೆ ಎಲ್ಲಿದೆ, ಹಾಸ್ಟೆಲ್ ಸಿಗುತ್ತದೆಯೇ ಎಂಬುದರ ಮೇಲೆ ತೀರ್ಮಾನವಾಗುತ್ತಿತ್ತು. ಎರಡೂ ಕಡೆ ಮೂರು ವರ್ಷದ ಪದವಿ, ಹೆಚ್ಚುಕಡಿಮೆ ಅದೇ ವಿಷಯಗಳು. ಈಗ ಹಾಗಿಲ್ಲ.

2024ರ ಜೂನ್‌ನಲ್ಲಿ ಒಂದು ವಿಚಿತ್ರ ನಡೆಯಿತು. ನಮ್ಮ ಕಡೆ ಅದರ ಬಗ್ಗೆ ಹೆಚ್ಚು ಚರ್ಚೆ ಆಗಲಿಲ್ಲ. ಮಹಾರಾಷ್ಟ್ರ ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿಯ ಪದವಿ ಚೌಕಟ್ಟನ್ನು 2023-24ರಲ್ಲಿ ಸ್ವಾಯತ್ತ ಕಾಲೇಜುಗಳಲ್ಲಿ ತಂದು, 2024-25ರಿಂದ ವಿದ್ಯಾಪೀಠಗಳಿಗೆ ಸೇರಿದ ಉಳಿದ ಕಾಲೇಜುಗಳಿಗೂ ವಿಸ್ತರಿಸಿತು. ಕರ್ನಾಟಕ 2021-22ರಲ್ಲೇ, ಉಳಿದ ರಾಜ್ಯಗಳಿಗಿಂತ ಮೊದಲು, ಆ ನೀತಿಯನ್ನು ಜಾರಿ ಮಾಡಿದ್ದ ರಾಜ್ಯ. ಅದು ಅದೇ 2024-25ರಿಂದ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಹಿರಣ್ಯಕೇಶಿಯ ಮೇಲ್ದಂಡೆಯವರು ಮನೆಯೊಳಗೆ ಹೋಗುವ ಹೊತ್ತಿಗೆ ಕೆಳದಂಡೆಯವರು ಅದೇ ಮನೆಯಿಂದ ಹೊರಗೆ ಬಂದಂತಾಯಿತು. ಗಡಹಿಂಗ್ಲಜದಿಂದ ಸಂಕೇಶ್ವರಕ್ಕೆ ಬಸ್ಸಿನಲ್ಲಿ ಅರ್ಧ ತಾಸು. ಆ ಅರ್ಧ ತಾಸಿನಲ್ಲಿ ಈಗ ಪದವಿಯ ರಚನೆಯೇ ಬದಲಾಗುತ್ತದೆ.

ನಮ್ಮ ಕಡೆಯ ಶಿವರಾಜ ಕಾಲೇಜು ಇರಲಿ, ಇಚಲಕರಂಜಿಯ ನೈಟ್ ಕಾಲೇಜು ಇರಲಿ, ಎಲ್ಲವೂ 1962ರಲ್ಲಿ ಸ್ಥಾಪನೆಯಾದ ಕೊಲ್ಹಾಪುರದ ಶಿವಾಜಿ ವಿದ್ಯಾಪೀಠದ ವ್ಯಾಪ್ತಿಗೆ ಬರುತ್ತವೆ. ಇಲ್ಲಿ ಈಗ ಪದವಿಗೆ ಸೇರುವವರು 'ಮೇಜರ್' ಎಂಬ ಮುಖ್ಯ ವಿಷಯ, 'ಮೈನರ್' ಎಂಬ ಉಪವಿಷಯ, ಅವುಗಳ ಜೊತೆಗೆ ಕೌಶಲ್ಯ, ಭಾಷೆ, ಭಾರತೀಯ ಜ್ಞಾನ ಪರಂಪರೆ, ಕ್ಷೇತ್ರಕಾರ್ಯ, ಕೆಲಸದ ತರಬೇತಿ ಎಂದೆಲ್ಲ ಓದಬೇಕು. ಯುಜಿಸಿ 2022ರ ಡಿಸೆಂಬರ್‌ನಲ್ಲಿ ಕೊಟ್ಟ ಮಾದರಿ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಯ 120 ಕ್ರೆಡಿಟ್‌ಗಳಲ್ಲಿ ಮೇಜರ್‌ಗೆ 60, ಮೈನರ್‌ಗೆ 24. ಎಂದರೆ ಅಕೌಂಟನ್ಸಿಯನ್ನು ಮೇಜರ್ ಮಾಡಿಕೊಂಡವರ ಓದಿನಲ್ಲಿ ಸುಮಾರು ಅರ್ಧ ಮಾತ್ರ ಆ ವಿಷಯ. ಉಳಿದರ್ಧ ವ್ಯರ್ಥ ಎಂದು ನಾನು ಹೇಳುವುದಿಲ್ಲ. ಆದರೆ 'ಅಕೌಂಟನ್ಸಿ ಮೇಜರ್' ಎಂಬ ಹೆಸರು ಕೇಳಿ ಹಿಂದಿನ ಬಿ.ಕಾಂ.ಗಿಂತ ಇದರಲ್ಲಿ ಲೆಕ್ಕಶಾಸ್ತ್ರ ಬಹಳ ಹೆಚ್ಚು ಎಂದು ಪಾಲಕರು ನಂಬಿದರೆ ಅದು ಸರಿಯಲ್ಲ.

ಹಾಗಾದರೆ ಯಾವ ಕಡೆ ಹೋಗಬೇಕು? ಮಕ್ಕಳು ಕೊನೆಗೆ ಏನಾಗಬೇಕೆಂದಿದ್ದಾರೆ ಎಂಬುದರ ಮೇಲೆ ಇದು ನಿಂತಿದೆ. ಬಹಳ ಮನೆಗಳಲ್ಲಿ ಆ ಪ್ರಶ್ನೆ ಕೇಳುವ ಮೊದಲೇ ಅರ್ಜಿ ತುಂಬಿಯಾಗಿರುತ್ತದೆ.

ಸಿ.ಎ. ಆಗಬೇಕೆಂಬವರಿಗೆ ರಾಜ್ಯದ ಗಡಿಯ ಅಡ್ಡಿ ಇಲ್ಲ. ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆ 1949ರ ಕೇಂದ್ರ ಕಾಯ್ದೆಯಿಂದ ಹುಟ್ಟಿದ್ದು; ಪಠ್ಯ, ಪರೀಕ್ಷೆ ಇಡೀ ದೇಶಕ್ಕೆ ಒಂದೇ. ಕೊಲ್ಹಾಪುರದ ಶಾಖೆ ಅದರ ಪಶ್ಚಿಮ ವಲಯದಲ್ಲಿದೆ, ಬೆಳಗಾವಿಯದು ದಕ್ಷಿಣ ವಲಯದಲ್ಲಿ. ವಿದ್ಯಾರ್ಥಿಗೆ ಅದರಿಂದ ವ್ಯತ್ಯಾಸವೇನೂ ಇಲ್ಲ. ಹನ್ನೆರಡನೆಯ ನಂತರ ಫೌಂಡೇಶನ್ ಪರೀಕ್ಷೆ ಬರೆದು ಮುಂದೆ ಹೋಗಬಹುದು. ಇಲ್ಲವಾದರೆ ಪದವಿ ಮುಗಿಸಿ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಈ ಎರಡನೆಯ ದಾರಿಯಲ್ಲಿ ಕಾಮರ್ಸ್ ಪದವೀಧರರಿಗೆ ಕನಿಷ್ಠ ಶೇ. 55 ಅಂಕ ಬೇಕು, ಉಳಿದವರಿಗೆ ಶೇ. 60. ಮೂರು ವರ್ಷದ ಪದವಿ ಇದಕ್ಕೆ ಸಾಕು. ಸಿ.ಎ.ಗಾಗಿ ನಾಲ್ಕನೆಯ ವರ್ಷ ಕೂರುವ ಅಗತ್ಯವಿಲ್ಲ.

ಇಲ್ಲಿ ಗಮನಿಸಲೇಬೇಕಾದ ಒಂದು ಸಣ್ಣ ನಿಯಮವಿದೆ. ಆ ಶೇ. 55ರ ರಿಯಾಯಿತಿ ಸಿಗಲು ಲೆಕ್ಕಶಾಸ್ತ್ರ, ಆಡಿಟಿಂಗ್, ವಾಣಿಜ್ಯ ಕಾನೂನು, ಅರ್ಥಶಾಸ್ತ್ರ, ತೆರಿಗೆ, ಕಾಸ್ಟಿಂಗ್, ಮ್ಯಾನೇಜ್‌ಮೆಂಟ್ ಮುಂತಾದ ವಿಷಯಗಳಲ್ಲಿ ತಲಾ 100 ಅಂಕಗಳ ಮೂರು ಪತ್ರಿಕೆಗಳನ್ನಾದರೂ ಓದಿರಬೇಕು. ಹಳೆಯ ಬಿ.ಕಾಂ.ನಲ್ಲಿ ಇದು ತಾನಾಗಿಯೇ ಆಗುತ್ತಿತ್ತು, ಯಾರೂ ಎಣಿಸುತ್ತಿರಲಿಲ್ಲ. ಕ್ರೆಡಿಟ್ ಪದ್ಧತಿಯಲ್ಲಿ ಎರಡು ಕ್ರೆಡಿಟ್‌ನ ಸಣ್ಣ ಪತ್ರಿಕೆಗಳೂ ಬರುವುದರಿಂದ, ಮೈನರ್ ಆಗಿ ಬೇರೆ ವಿಷಯ ತೆಗೆದುಕೊಂಡವರು ಎರಡನೆಯ ವರ್ಷದಲ್ಲೇ ಅಂಕಪಟ್ಟಿ ಮುಂದಿಟ್ಟುಕೊಂಡು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

2023ರ ಜುಲೈಯಿಂದ ಜಾರಿಯಾದ ಹೊಸ ಯೋಜನೆಯಲ್ಲಿ ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಹಳ್ಳಿಯಿಂದ ಬಂದು ನಗರದಲ್ಲಿ ಕೋಣೆ ಬಾಡಿಗೆ ಕೊಡುವ ನಮ್ಮ ಮಕ್ಕಳಿಗೆ ಈ ಒಂದು ವರ್ಷದ ಉಳಿತಾಯ ದೊಡ್ಡದು.

ಕಷ್ಟ ಇರುವುದು ಭಾಷೆಯಲ್ಲಿ. ಸಿ.ಎ. ಪರೀಕ್ಷೆಯನ್ನು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಬರೆಯಬೇಕು. ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ನೂಲ, ಹಲಕರ್ಣಿ ಕಡೆಯ ಕನ್ನಡ ಮನೆಯ ಹುಡುಗಿಯ ಸ್ಥಿತಿ ನೋಡಿ. ಮನೆಯಲ್ಲಿ ಕನ್ನಡ, ಕಾಲೇಜಿನ ತರಗತಿಯಲ್ಲಿ ಮರಾಠಿ ಬೆರೆತ ಇಂಗ್ಲಿಷ್, ಪುಸ್ತಕದಲ್ಲಿ ಪೂರ್ತಿ ಇಂಗ್ಲಿಷ್. ಅಜ್ಜನ ಬಾಯಲ್ಲಿ ಖರ್ಚು–ಜಮಾ ಎಂದಿದ್ದದ್ದು ಆಡತಿ ಅಂಗಡಿಯಲ್ಲಿ ನಾವೆ–ಜಮಾ ಆಗುತ್ತದೆ, ತರಗತಿಯಲ್ಲಿ ಡೆಬಿಟ್–ಕ್ರೆಡಿಟ್ ಆಗುತ್ತದೆ. ಮೂರೂ ಒಂದೇ ಎಂದು ತಿಳಿಯುವಷ್ಟರಲ್ಲಿ ಮೊದಲ ಸೆಮಿಸ್ಟರ್ ಮುಗಿದಿರುತ್ತದೆ. ಬುದ್ಧಿ ಕಡಿಮೆ ಎಂದು ಅವಳನ್ನು ದೂರುವವರಿದ್ದಾರೆ. ಮೂರು ಭಾಷೆಯಲ್ಲಿ ಒಂದೇ ಕಿರ್ದಿ ಓದುವವಳ ಬುದ್ಧಿ ಕಡಿಮೆ ಹೇಗಾದೀತು?

ಗಡಿಯಾಚೆ ಹೋದರೆ ಈ ಒಂದು ವಿಷಯದಲ್ಲಿ ಅನುಕೂಲವಿದೆ. ಬೆಳಗಾವಿ ಜಿಲ್ಲೆಯ ಕಾಲೇಜುಗಳು 2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿವೆ. ಅಲ್ಲಿನ ಬಿ.ಕಾಂ.ನಲ್ಲಿ ಭಾಷಾ ವಿಷಯವಾಗಿ ಕನ್ನಡ ತೆಗೆದುಕೊಳ್ಳಬಹುದು. ಮುಂದೆ ಕರ್ನಾಟಕದಲ್ಲಿ ನೌಕರಿ ಹುಡುಕುವವರಿಗೆ ಆ ಓದು ಉಪಯೋಗಕ್ಕೆ ಬರುತ್ತದೆ. ಎಂಜಿನಿಯರಿಂಗ್‌ಗೆ ಹೋಗುವವರಿಗೆ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರ ಕಲಮು ಇದೆ, ಅದರಲ್ಲಿ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಜೊತೆ ಗಡಹಿಂಗ್ಲಜ ತಾಲ್ಲೂಕಿನ ಹೆಸರೂ ಇದೆ ಎಂಬುದು ಸದಸ್ಯರಿಗೆ ಗೊತ್ತಿದೆ. ಬಿ.ಕಾಂ.ಗೆ ಸಿಇಟಿಯೇ ಬೇಡವಾದ್ದರಿಂದ ಆ ಕಲಮಿನ ಮಾತು ಇಲ್ಲಿ ಬರುವುದಿಲ್ಲ. ಮೈಗ್ರೇಶನ್ ಮತ್ತು ಎಲಿಜಿಬಿಲಿಟಿ ಕಾಗದಗಳನ್ನು ಮಾತ್ರ ಸಮಯಕ್ಕೆ ಸರಿಯಾಗಿ ಒಪ್ಪಿಸಬೇಕು.

ಮಹಾರಾಷ್ಟ್ರದ ಹೊಸ ಚೌಕಟ್ಟಿನಲ್ಲೂ ಭಾರತೀಯ ಭಾಷೆಯೊಂದನ್ನು ಕಲಿಯಲು ಕ್ರೆಡಿಟ್ ಇಟ್ಟಿದ್ದಾರೆ. ಆ ಜಾಗದಲ್ಲಿ ಕನ್ನಡವನ್ನೂ ಕಲಿಸಿ ಎಂದು ಗಡಿ ತಾಲ್ಲೂಕುಗಳ ಕಾಲೇಜುಗಳನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ಅಷ್ಟು ವಿದ್ಯಾರ್ಥಿಗಳು ಸೇರುತ್ತಾರೆಂದು ತೋರಿಸುವ ಜವಾಬ್ದಾರಿ ಮಾತ್ರ ನಮ್ಮದು. ಪತ್ರ ಕೊಟ್ಟು ಫೋಟೋ ತೆಗೆಸಿಕೊಂಡು ಬಂದರೆ ಆಗುವ ಕೆಲಸ ಅಲ್ಲ.

ಇನ್ನು ಸಿ.ಎ. ಬೇಡ, ಊರಲ್ಲೇ ಲೆಕ್ಕದ ಕೆಲಸ ಬೇಕು ಎಂಬವರ ವಿಚಾರ. ಸಂಖ್ಯೆಯಲ್ಲಿ ಇವರೇ ಹೆಚ್ಚು, ಇವರ ಬಗ್ಗೆ ಮಾತು ಮಾತ್ರ ಕಡಿಮೆ. ಗಡಹಿಂಗ್ಲಜದ ಮೆಣಸಿನಕಾಯಿ ಮತ್ತು ಬೆಲ್ಲದ ಪೇಟೆ, ಸುತ್ತಲಿನ ಸಕ್ಕರೆ ಕಾರ್ಖಾನೆಗಳು, ಪತಸಂಸ್ಥೆಗಳು, ಇಚಲಕರಂಜಿಯ ಮಗ್ಗಗಳು, ಎಲ್ಲಕ್ಕೂ ಲೆಕ್ಕ ಬರೆಯುವವರು ಬೇಕು. ಕಿರ್ದಿ ಪೂಜೆ ಈಗಲೂ ದೀಪಾವಳಿಗೇ ನಡೆದರೂ ಕೆಲಸ ನಡೆಯುವುದು ಜಿಎಸ್‌ಟಿಯ ತಾರೀಖುಗಳ ಮೇಲೆ.

ಇಚಲಕರಂಜಿಯನ್ನೇ ತೆಗೆದುಕೊಳ್ಳಿ. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದ ಈ ಊರಿನ ವ್ಯಾಪಾರ ಉದ್ದರಿಯ ಮೇಲೆ ನಿಂತಿದೆ. ಬಟ್ಟೆ ಇಂದು ಹೋದರೆ ಹಣ ಎರಡು ತಿಂಗಳಿಗೋ ಮೂರು ತಿಂಗಳಿಗೋ ಬರುತ್ತದೆ. ಆದಾಯ ತೆರಿಗೆಗೆ ಸೇರಿಸಿದ 43ಬಿ(ಎಚ್) ಕಲಮು 2023-24ರ ಲೆಕ್ಕದಿಂದ ಈ ಪದ್ಧತಿಗೆ ಕೈ ಹಾಕಿತು. ನೋಂದಣಿಯಾದ ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಕೊಂಡವರು ಲಿಖಿತ ಕರಾರು ಇಲ್ಲದಿದ್ದರೆ 15 ದಿನದಲ್ಲಿ, ಕರಾರು ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ಆ ಗಡುವು ಮೀರಿ, ವರ್ಷದ ಕೊನೆಗೂ ಹಣ ಬಾಕಿ ಉಳಿದರೆ ಆ ಖರ್ಚು ಆ ವರ್ಷದ ಲೆಕ್ಕಕ್ಕೆ ಸೇರದು; ಹಣ ಕೊಟ್ಟ ವರ್ಷಕ್ಕೆ ಹೋಗುತ್ತದೆ. ಕೊಡದ ಹಣ ಲಾಭವಾಗಿ ಕಾಣಿಸಿ ಅದರ ಮೇಲೆ ತೆರಿಗೆ ಬೀಳುತ್ತದೆ. ಸಣ್ಣ ಮಗ್ಗದವರಿಗೆ ಬೇಗ ಹಣ ಸಿಗಲಿ ಎಂದು ಬಂದ ನಿಯಮ ಇದು. ಆದರೆ ನೋಂದಣಿ ಇರುವವರ ಹತ್ತಿರ ಕೊಳ್ಳುವುದೇ ಬೇಡ ಎನ್ನುವ ವ್ಯಾಪಾರಿಗಳೂ ಇದ್ದಾರೆ. ಯಾವ ಬಿಲ್ಲು ಎಷ್ಟು ದಿನ ಹಳೆಯದು, ಯಾರ ಉದ್ಯಮ ಯಾವ ವರ್ಗದ್ದು ಎಂದು ಪಟ್ಟಿ ಮಾಡಬಲ್ಲ ಹುಡುಗನಿಗೆ ಅಲ್ಲಿ ಕೆಲಸವಿದೆ, ಮರ್ಯಾದೆಯೂ ಇದೆ.

ಆ ಕಲಮಿನ ಸಂಖ್ಯೆಯೂ ಉಳಿಯಲಿಲ್ಲ. 1961ರ ಕಾಯ್ದೆಯ ಬದಲು 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. 'ಅಸೆಸ್‌ಮೆಂಟ್ ಇಯರ್' ಎಂಬ ಪದವೇ ಹೋಗಿ 'ಟ್ಯಾಕ್ಸ್ ಇಯರ್' ಬಂದಿದೆ. ಅಣ್ಣನ ಹಳೆಯ ತೆರಿಗೆ ಪುಸ್ತಕವನ್ನು ತಮ್ಮನಿಗೆ ಕೊಡುವ ನಮ್ಮ ಮನೆಗಳ ರೂಢಿ ಈ ವರ್ಷ ನಡೆಯದು.

ಕೆಲಸ ಮಾಡುತ್ತಲೇ ಓದುವವರಿಗೆ ಇಚಲಕರಂಜಿಯ ನೈಟ್ ಕಾಲೇಜು ದೊಡ್ಡ ಆಸರೆ. ಹಗಲು ಮಗ್ಗದ ಆಫೀಸಿನಲ್ಲಿ ಟ್ಯಾಲಿ, ಸಂಜೆ ತರಗತಿ. ಹೊಸ ಚೌಕಟ್ಟು ಕಡ್ಡಾಯ ಮಾಡಿರುವ ಕೆಲಸದ ತರಬೇತಿಯನ್ನು ಇಂಥವರು ಕ್ರೆಡಿಟ್‌ಗೆ ಮೊದಲೇ ಬದುಕಿನಲ್ಲಿ ಮುಗಿಸಿರುತ್ತಾರೆ. ಉಳಿದ ಕಾಲೇಜುಗಳ ಮಕ್ಕಳು ತರಬೇತಿಯ ಪತ್ರಕ್ಕಾಗಿ ಪರಿಚಯದ ಅಂಗಡಿಯಿಂದ ಸಹಿ ಹಾಕಿಸಿಕೊಂಡು ಬರುವ ಚಾಳಿ ಬಿಟ್ಟು, ಒಂದು ಆಡತಿಯಲ್ಲೋ ಆಡಿಟರ ಕಚೇರಿಯಲ್ಲೋ ನಿಜವಾಗಿ ಕೂತರೆ ಅದೇ ಮೇಜರ್‌ನ ಅತಿ ಉಪಯುಕ್ತ ಭಾಗವಾಗುತ್ತದೆ. ಅಂಗಡಿ, ಕಚೇರಿ ನಡೆಸುವ ನಮ್ಮ ಸದಸ್ಯರು ವರ್ಷಕ್ಕೆ ಒಬ್ಬಿಬ್ಬರನ್ನು ಕೂರಿಸಿಕೊಂಡರೂ ಸಾಕು.

ನಾಲ್ಕನೆಯ ವರ್ಷದ ಪ್ರಶ್ನೆ ಉಳಿಯಿತು. 2024ರಲ್ಲಿ ಸೇರಿದ ಮೊದಲ ತಂಡ ಈಗ ಮೂರನೆಯ ವರ್ಷಕ್ಕೆ ಬಂದಿದೆ. 2027ರ ಬೇಸಿಗೆಯಲ್ಲಿ ಅವರು ಪದವಿ ಪಡೆದು ಹೊರಬರಬಹುದು, ಇಲ್ಲವೇ ಆನರ್ಸ್‌ಗೆ ಮುಂದುವರಿಯಬಹುದು. ಅಧ್ಯಾಪಕರಾಗುವ, ಸಂಶೋಧನೆ ಮಾಡುವ ಆಸೆ ಇದ್ದವರಿಗೆ ಆನರ್ಸ್ ಸರಿ. ಸಂಶೋಧನೆಯ ಆನರ್ಸ್‌ಗೆ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಬೇಕು. ನಾಲ್ಕು ವರ್ಷ ಓದಿದವರಿಗೆ ಎಂ.ಕಾಂ. ಒಂದೇ ವರ್ಷ ಎಂಬುದು ಆ ನೀತಿಯ ಲೆಕ್ಕ. ಆದರೆ ಕರ್ನಾಟಕ ಮೂರು ವರ್ಷದ ಪದವಿ, ಎರಡು ವರ್ಷದ ಎಂ.ಕಾಂ. ದಾರಿಯಲ್ಲಿದೆ. ಇಲ್ಲಿ ನಾಲ್ಕು ವರ್ಷ ಮುಗಿಸಿ ಬೆಳಗಾವಿಗೋ ಧಾರವಾಡಕ್ಕೋ ಎಂ.ಕಾಂ.ಗೆ ಹೋಗುವ ವಿಚಾರವಿದ್ದರೆ, ಆ ನಾಲ್ಕನೆಯ ವರ್ಷಕ್ಕೆ ಅಲ್ಲಿ ಬೆಲೆ ಇದೆಯೇ, ಅಥವಾ ಮತ್ತೆ ಎರಡು ವರ್ಷ ಕೂರಬೇಕೇ ಎಂದು ಆ ವಿಶ್ವವಿದ್ಯಾಲಯದಿಂದಲೇ ಬರಹದಲ್ಲಿ ಕೇಳಿಕೊಳ್ಳಿ. ಶುಲ್ಕ ತುಂಬುವ ಮೊದಲು, 2027ರ ಮೇ ತಿಂಗಳೊಳಗೆ.