ಅಂಜಿಕೆಯರಿಯದ ಜೀವಿಗಳ ನಾಡಿನಲ್ಲಿ

ಈ ತಿಂಗಳು ನಮ್ಮ ಪಯಣ ಬೆಂಕಿಯಿಂದ ಹುಟ್ಟಿದ ದ್ವೀಪಗಳ ಕಡೆಗೆ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 1000 ಕಿಲೋಮೀಟರ್ ದೂರದಲ್ಲಿ, ಭೂಮಧ್ಯರೇಖೆಯ ಆಚೀಚೆ ಗಲಾಪಗೋಸ್ ದ್ವೀಪಸಮೂಹವು ಹರಡಿಕೊಂಡಿದೆ. ಸಾಗರತಳದ ಜ್ವಾಲಾಮುಖಿಗಳು ಉಗುಳಿದ ಶಿಲಾರಸವೇ ಹೆಪ್ಪುಗಟ್ಟಿ ಈ ದ್ವೀಪಗಳಾದವು. ಇವು ಎಂದೂ ಯಾವ ಖಂಡಕ್ಕೂ ಸೇರಿದ್ದವಲ್ಲ. ಹಾರಿಯೋ ಈಜಿಯೋ ತೇಲಿಯೋ ಬಂದ ಜೀವಿಗಳು ಮಾತ್ರ ಇಲ್ಲಿ ನೆಲೆಸಿದವು. ನೆಲದ ಮೇಲೆ ಬೆನ್ನಟ್ಟುವ ದೊಡ್ಡ ಮೃಗಗಳಿಲ್ಲದ ಕಾರಣ ಅವು ಅಂಜಿಕೆಯನ್ನೇ ಕಲಿಯಲಿಲ್ಲ. ಮನುಷ್ಯನನ್ನು ಕಂಡರೂ ಓಡುವುದಿಲ್ಲ.

ದೋಣಿ ಮೊದಲು ಪಶ್ಚಿಮದಂಚಿನ ಫರ್ನಾಂಡಿನಾ ದ್ವೀಪವನ್ನು ಸೇರುತ್ತದೆ. ಇಲ್ಲಿಯ ಜ್ವಾಲಾಮುಖಿ 2024ರಲ್ಲಿಯೂ ಸಿಡಿದಿತ್ತು. ಕಪ್ಪು ಬಂಡೆಗಳ ಮೇಲೆ ಕಡಲ ಇಗ್ವಾನಾಗಳು ಹಿಂಡುಹಿಂಡಾಗಿ ಬಿಸಿಲು ಕಾಯಿಸುತ್ತಿರುತ್ತವೆ. ಸಮುದ್ರಕ್ಕಿಳಿದು ಪಾಚಿ ಮೇಯುವ ಹಲ್ಲಿಗಳು ಜಗತ್ತಿನಲ್ಲಿ ಇವು ಮಾತ್ರವೇ. ದೇಹದಲ್ಲಿ ಉಳಿದ ಉಪ್ಪನ್ನು ಮೂಗಿನಿಂದ ಸೀನಿ ಹೊರಹಾಕುತ್ತವೆ. ಹಾರುವುದನ್ನೇ ಮರೆತ ನೀರುಕಾಗೆಗಳೂ ತಣ್ಣೀರಿನ ಪ್ರವಾಹಗಳ ಕೃಪೆಯಿಂದ ಭೂಮಧ್ಯರೇಖೆಯಲ್ಲಿ ಬಾಳುವ ಪೆಂಗ್ವಿನ್ನುಗಳೂ ಇಲ್ಲಿವೆ.

ಅಲ್ಲಿಂದ ನಡುವಣ ಸಾಂಟಾ ಕ್ರೂಜ್ ದ್ವೀಪಕ್ಕೆ ಬಂದರೆ ಮನಸ್ಸು ಭಾರವಾಗುತ್ತದೆ. ದೈತ್ಯ ಆಮೆಗಳು ತಿಂಗಳುಗಟ್ಟಲೆ ಅನ್ನನೀರಿಲ್ಲದೆ ಬದುಕಬಲ್ಲವೆಂದು ಅರಿತ ಕಡಲ್ಗಳ್ಳರೂ ತಿಮಿಂಗಿಲ ಬೇಟೆಗಾರರೂ ಹಿಂದೆ ಅವುಗಳನ್ನು ಜೀವಂತವಾಗಿಯೇ ಹಡಗಿಗೆ ತುಂಬಿ ಆಹಾರ ಮಾಡಿಕೊಂಡರು. ಉತ್ತರದ ಪಿಂಟಾ ದ್ವೀಪದಲ್ಲಿ 1959ರಲ್ಲಿ ಬಿಟ್ಟ ಆಡುಗಳು ಹೆಚ್ಚಿ, ಆಮೆಗಳ ಮೇವನ್ನೆಲ್ಲ ಮುಗಿಸಿದವು. 1971ರಲ್ಲಿ ಆ ದ್ವೀಪದಲ್ಲಿ ಒಂದೇ ಒಂದು ಗಂಡಾಮೆ ಕಂಡಿತು. ‘ಒಂಟಿ ಜಾರ್ಜ್’ ಎಂದು ಹೆಸರಾದ ಅದನ್ನು ಸಾಂಟಾ ಕ್ರೂಜ್‌ಗೆ ತಂದು ಸಾಕಿದರೂ ಸಂತಾನವಾಗಲಿಲ್ಲ. 2012ರ ಜೂನ್ 24ರಂದು ಅದು ಅಸುನೀಗಿದಾಗ ಒಂದು ಕುಲವೇ ಅಳಿಯಿತು.

ಆದರೆ ಆಗ್ನೇಯದ ಎಸ್ಪನ್ಯೋಲಾ ದ್ವೀಪದ ಕಥೆ ಬೇರೆ. ಅಲ್ಲಿ ಉಳಿದಿದ್ದುದು 12 ಹೆಣ್ಣು, 2 ಗಂಡು ಆಮೆಗಳು ಮಾತ್ರ. 1963ರಿಂದ 1974ರೊಳಗೆ ಅವುಗಳನ್ನೆಲ್ಲ ಸಾಂಟಾ ಕ್ರೂಜ್‌ಗೆ ಒಯ್ದರು. ಅಮೆರಿಕದ ಸ್ಯಾನ್ ಡಿಯೇಗೋ ಮೃಗಾಲಯದಲ್ಲಿದ್ದ ಮತ್ತೊಂದು ಗಂಡಾಮೆಯೂ ಜೊತೆಗೂಡಿತು. ದ್ವೀಪದ ಆಡುಗಳನ್ನು 1978ರ ವೇಳೆಗೆ ನಿರ್ಮೂಲಗೊಳಿಸಲಾಯಿತು. ಬೆಳೆದ ಮರಿಗಳು ಕಾಲಕಾಲಕ್ಕೆ ತವರಿಗೆ ಮರಳಿದವು. ಸಂತತಿ ಎರಡು ಸಾವಿರದ ಸಮೀಪಕ್ಕೆ ಬಂದಾಗ, 2020ರ ಜೂನ್‌ನಲ್ಲಿ, ಆ 15 ಹಿರಿಯ ಆಮೆಗಳೂ ಎಸ್ಪನ್ಯೋಲಾದ ಪಾಪಾಸುಕಳ್ಳಿಯ ನಡುವೆ ಮತ್ತೆ ಕಾಲಿಟ್ಟವು.

ಇಂದು ಇಲ್ಲಿಗೆ ಬರುವ ಯಾತ್ರಿಕನು ಮಾರ್ಗದರ್ಶಿಯೊಡನೆ ಗುರುತಿಸಿದ ಹಾದಿಯಲ್ಲಿಯೇ ನಡೆಯಬೇಕು, ಪ್ರಾಣಿಗಳಿಂದ ಎರಡು ಮೀಟರ್ ದೂರವಿರಬೇಕು, ಮುಟ್ಟಬಾರದು, ತಿನಿಸಬಾರದು. ಹೊರಗಿನ ಬೀಜ, ಹುಳುಗಳು ಬಾರದಂತೆ ಸಾಮಾನುಗಳನ್ನೂ ತಪಾಸಿಸುತ್ತಾರೆ. ಕಡಲಸಿಂಹದ ಮರಿಯೊಂದು ತಾನಾಗಿಯೇ ಕಾಲಬಳಿಗೆ ಬಂದರೆ ಹಿಂದೆ ಸರಿಯಬೇಕಾದವನು ಮನುಷ್ಯನೇ. ಅಂಜುವ ಜೀವಿ ಓಡಿಯಾದರೂ ತನ್ನನ್ನು ಕಾಪಾಡಿಕೊಂಡೀತು. ಅಂಜದೆ ಎದುರು ನಿಂತ ಜೀವಿಯ ರಕ್ಷಣೆಯ ಭಾರವು ಪೂರ್ತಿಯಾಗಿ ನಮ್ಮ ಮೇಲಿದೆ. ಪಿಂಟಾದಲ್ಲಿ ಆ ಭಾರವನ್ನು ಹೊತ್ತವರಿರಲಿಲ್ಲ, ಎಸ್ಪನ್ಯೋಲಾದಲ್ಲಿ ಇದ್ದರು.