ಸುವರ್ಣಗಡ್ಡೆ ಸತ್ತಿಲ್ಲ, ಮಲಗಿದೆ: ಕರಾವಳಿಯ ಕ್ಯಾಲೆಂಡರ್ ಬಸವಕಲ್ಯಾಣಕ್ಕೆ ಬೇಡ

ಕರ್ನಾಟಕವನ್ನು ಕೃಷಿ ಹವಾಮಾನದ ಲೆಕ್ಕದಲ್ಲಿ 10 ವಲಯಗಳಾಗಿ ವಿಂಗಡಿಸಿದ್ದಾರೆ. ಬಸವಕಲ್ಯಾಣ, ಹುಮನಾಬಾದ್ ಸೇರಿ ನಮ್ಮ ಬೀದರ್ ಜಿಲ್ಲೆ 1ನೇ ವಲಯದಲ್ಲಿದೆ. ಕರಾವಳಿ 10ನೇ ವಲಯದಲ್ಲಿದೆ. ಪಟ್ಟಿಯ ಈ ತುದಿಗೆ ನಾವು, ಆ ತುದಿಗೆ ಅವರು. ಆದರೆ ಸುವರ್ಣಗಡ್ಡೆ ಬೆಳೆಯೋಣವೆಂದು ಫೋನ್ ತೆಗೆದರೆ ಇಬ್ಬರಿಗೂ ಸಿಗುವ ಸಲಹೆ ಒಂದೇ: ‘ಫೆಬ್ರವರಿಯಲ್ಲಿ ನೆಡಿ, ನೀರು ಕೊಡುತ್ತಾ ಇರಿ, ವರ್ಷದ ಕೊನೆಗೆ ಕೀಳಿ.’

ಈ ಸಲಹೆ ನಂಬಿದ ನಮ್ಮ ರೈತರ ಬೀಜದ ಗಡ್ಡೆ ಕೊಳೆಯುತ್ತಿದೆ. ಕೊಳೆತ ಮೇಲೆ ಕೇಳಿದರೆ ಬೀಜ ಮಾರಿದವರ ಉತ್ತರ ಸಿದ್ಧವಾಗಿರುತ್ತದೆ: ‘ನಿಮ್ಮ ಮಣ್ಣು ಸರಿಯಿಲ್ಲ.’ ಮಾರುವಾಗ ಎಲ್ಲ ಮಣ್ಣಿಗೂ ಆಗುವ ಬೆಳೆ, ಕೊಳೆತಾಗ ಮಾತ್ರ ನಮ್ಮ ಮಣ್ಣಿನ ದೋಷ! ಇದನ್ನು ನಾವು ಒಪ್ಪುವುದಿಲ್ಲ. ತಪ್ಪು ಮಣ್ಣಿನದ್ದಲ್ಲ, ಕ್ಯಾಲೆಂಡರಿನದ್ದು.

ಮೊದಲು ಗಡ್ಡೆಯ ಸ್ವಭಾವ ನೋಡೋಣ. ಸಂತೆಯಲ್ಲಿ ಸೂರಣ ಎಂದೂ ಕರೆಯುವ ಸುವರ್ಣಗಡ್ಡೆ ಎಂಟು ಒಂಬತ್ತು ತಿಂಗಳ ಬೆಳೆ. ಛತ್ರಿ ಬಿಚ್ಚಿದಂತೆ ಎಲೆ ಹರಡಿಕೊಂಡು ಮಳೆಗಾಲವಿಡೀ ದುಡಿದು, ಗಳಿಸಿದ್ದನ್ನೆಲ್ಲ ನೆಲದೊಳಗಿನ ಗಡ್ಡೆಯಲ್ಲಿ ಕೂಡಿಡುತ್ತದೆ. ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಎಲೆ ಹಳದಿಯಾಗಿ ಒರಗುತ್ತದೆ. ಆಮೇಲೆ ನೆಲದ ಮೇಲೆ ಏನೂ ಕಾಣುವುದಿಲ್ಲ. ‘ಗಡ್ಡಿ ಸತ್ತೋಗ್ಯಾದ’ ಎಂದು ಕಿತ್ತು ಒಗೆಯುವವರು ಕೆಲವರು, ಜೀವ ಬರಲಿ ಎಂದು ನೀರು ಬಿಡುವವರು ಇನ್ನು ಕೆಲವರು. ಎರಡೂ ತಪ್ಪು. ಗಡ್ಡೆ ಮಲಗಿರುತ್ತದೆ. ಸಾಮಾನ್ಯವಾಗಿ ಒಂದೂವರೆ ಎರಡು ತಿಂಗಳು ನೀವು ಏನೇ ಮಾಡಿದರೂ ಅದು ಏಳುವುದಿಲ್ಲ. ಆಗ ಎಲೆಯೂ ಇಲ್ಲ, ಬೇರೂ ಇಲ್ಲ. ಕುಡಿಯುವ ಬಾಯಿಯೇ ಇಲ್ಲದಾಗ ಹಾಕಿದ ನೀರು ಕೊಳೆ ರೋಗಕ್ಕೆ ಆಹಾರ.

ಇದೇ ಕುಲದ ಕೆಸುವಿನ ಕಥೆ ಬೇರೆ. ಬಚ್ಚಲ ನೀರು ಹರಿಯುವ ಕಡೆ ನೆಟ್ಟ ಕೆಸು ನಮ್ಮಲ್ಲೂ ವರ್ಷವಿಡೀ ಹಸಿರಾಗಿರಬಲ್ಲದು. ಚಳಿಗೆ ಎಲೆ ಸಣ್ಣದಾಗುತ್ತದೆ, ಅಷ್ಟೆ. ನೀರು ನಿಂತರೆ ಮಾತ್ರ ಕೆಸು ಮಲಗುತ್ತದೆ. ಸುವರ್ಣಗಡ್ಡೆ ನೀರಿದ್ದರೂ ಮಲಗುತ್ತದೆ. ಇವೆರಡನ್ನೂ ಒಂದೇ ವಿಡಿಯೊದಲ್ಲಿ ಹಾಕಿ ಒಂದೇ ಉಪದೇಶ ಮಾಡುವವರು ಗಡ್ಡೆಯನ್ನು ನೋಡಿ ಮಾತಾಡುತ್ತಿಲ್ಲ.

ಇನ್ನು ಹವಾಮಾನ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ. ನಮ್ಮಲ್ಲಿ ಸುಮಾರು 850 ಮಿ.ಮೀ. ಅಲ್ಲಿ ಚಳಿಗಾಲ ಎಂಬುದು ಹೆಸರಿಗೆ ಮಾತ್ರ. ಇಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಪಾರಾ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಮೇ ತಿಂಗಳಲ್ಲಿ 40 ದಾಟುತ್ತದೆ. ಆದರೂ ನಮ್ಮ ಗಡ್ಡೆಯ ದೊಡ್ಡ ಶತ್ರು ಚಳಿಯಲ್ಲ. ಒಣಗಿದ ಜಾಗದಲ್ಲಿದ್ದರೆ ನಮ್ಮ ಚಳಿಯನ್ನು ಅದು ದಾಟಿಕೊಳ್ಳುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಗಡ್ಡೆಗೆ ಎಚ್ಚರವಾಗುತ್ತದೆ, ಮಳೆ ಬರುವುದು ಮಿರಗಕ್ಕೆ. ಈ ಎರಡು ತಿಂಗಳ ಅಂತರವೇ ನಮ್ಮ ಸಮಸ್ಯೆ. ಕರಾವಳಿ ಮತ್ತು ಕೇರಳದಲ್ಲಿ ಬೇಸಿಗೆ ಮಳೆ ಬಂದು ಈ ಅಂತರ ತುಂಬುತ್ತದೆ, ಅದಕ್ಕೇ ಅಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ನೆಡುತ್ತಾರೆ. ನೀರಿಲ್ಲದ ನಮ್ಮ ಹೊಲದಲ್ಲಿ ಹಾಗೆ ನೆಟ್ಟರೆ ಮೊಳಕೆ ಬಿಸಿಲಿಗೆ ಸುಟ್ಟು ಹೋಗುತ್ತದೆ.

ಬೇರೆ ದೇಶದವರು ತಮ್ಮ ಹವೆಗೆ ತಕ್ಕ ದಾರಿ ಕಂಡುಕೊಂಡಿದ್ದಾರೆ. ಜಪಾನಿನ ಗುನ್ಮಾ ಪ್ರಾಂತ್ಯದಲ್ಲಿ ಸುವರ್ಣಗಡ್ಡೆಯ ದಾಯಾದಿಯಾದ ಕೊಂಜಾಕ್ ಬೆಳೆಯುತ್ತಾರೆ. ಅಲ್ಲಿ ಹಿಮ ಬೀಳುತ್ತದೆ. ಆದ್ದರಿಂದ ಬೀಜದ ಗಡ್ಡೆಯನ್ನು ಚಳಿಗಾಲದ ಮೊದಲೇ ಅಗೆದು, ಬೆಚ್ಚಗಿನ ಕೋಣೆಯಲ್ಲಿಟ್ಟು, ವಸಂತದಲ್ಲಿ ಮತ್ತೆ ನೆಡುತ್ತಾರೆ. ಎರಡು ಮೂರು ವರ್ಷ ಹೀಗೆ ಮಾಡಿದ ಮೇಲೆ ಮಾರಾಟ. ಯುರೋಪಿನಲ್ಲಿ ಇದೇ ಗಡ್ಡೆಯನ್ನು ಶೋಕಿಗೆ ಸಾಕುವವರು ಮಣ್ಣು, ನೀರು ಎರಡೂ ಇಲ್ಲದೆ ಮನೆಯೊಳಗೆ ಇಡುತ್ತಾರೆ, ಬಲಿತ ಗಡ್ಡೆ ಹಾಗೇ ಹೂವನ್ನೂ ಬಿಡುತ್ತದೆ. ಅವರಿಗೆ ಹಿಮದ ಚಿಂತೆ, ನಮಗೆ ಏಪ್ರಿಲ್ ಬಿಸಿಲಿನ ಚಿಂತೆ. ನಮ್ಮ ಪಾಠವನ್ನು ನಾವೇ ಬರೆದುಕೊಳ್ಳಬೇಕು.

ಹಾಗಾದರೆ ಇಲ್ಲಿ ಏನು ಮಾಡಬೇಕು?

ಎಲೆ ಪೂರ್ತಿ ಒಣಗಿ ಬಿದ್ದ ಮೇಲೆ, ನೆಲ ಒಣಗಿದ್ದಾಗ ಅಗೆಯಿರಿ. ಗುದ್ದಲಿ ತಾಗಿದ ಗಡ್ಡೆಯನ್ನು ಅಡುಗೆಗೆ ಇಟ್ಟುಕೊಳ್ಳಿ, ಬೀಜಕ್ಕೆ ಬೇಡ. ತೊಳೆಯಬೇಡಿ, ಮಣ್ಣು ಉದುರಿಸಿದರೆ ಸಾಕು. ಕೆಲವು ದಿನ ನೆರಳಲ್ಲಿ ಒಣಗಿಸಿ, ಗಾಳಿಯಾಡುವ ಕೋಣೆಯಲ್ಲಿ ಒಣ ಮರಳಿನ ಮೇಲೆ ಒಂದೇ ಸಾಲಾಗಿ ಹರಡಿ. ಕಲ್ಲಿನ ಅಥವಾ ಮಣ್ಣಿನ ಮನೆಯ ತಂಪು ಮೂಲೆ ಒಳ್ಳೆಯದು. ತಗಡಿನ ಶೆಡ್ ಬೇಡ, ಪ್ಲಾಸ್ಟಿಕ್ ಚೀಲ ಬೇಡ. ಹಗೇವಿನಲ್ಲಿ ಜೋಳ ತುಂಬಿದಂತೆ ಮುಚ್ಚಿಡಲೂ ಬೇಡ, ಗಾಳಿಯಿಲ್ಲದೆ ಕೊಳೆಯುತ್ತದೆ. ಆಲೂಗಡ್ಡೆಯ ಕೋಲ್ಡ್ ಸ್ಟೋರೇಜಿಗೂ ಕಳಿಸಬೇಡಿ, ಅಲ್ಲಿನ 2ರಿಂದ 4 ಡಿಗ್ರಿ ತಂಪು ಈ ಉಷ್ಣ ಪ್ರದೇಶದ ಗಡ್ಡೆಗೆ ಆಗದು. ಹದಿನೈದು ದಿನಕ್ಕೊಮ್ಮೆ ತಿರುವಿ ನೋಡಿ. ಮೆತ್ತಗಾದದ್ದನ್ನು, ಬಿಳಿ ಹಿಟ್ಟು ತಿಗಣೆ ಹತ್ತಿದ್ದನ್ನು ಬೇರೆ ಮಾಡಿ.

ಮಸಾರಿ ನೆಲದ ಹಿತ್ತಲಾದರೆ ನಾಲ್ಕಾರು ಗಡ್ಡೆ ನೆಲದಲ್ಲೇ ಬಿಟ್ಟರೂ ನಡೆಯುತ್ತದೆ, ಅಲ್ಲಿ ನೀರು ಬಸಿದು ಹೋಗುತ್ತದೆ. ಎರಿ ಭೂಮಿಯಲ್ಲಿ ಬಿಡಬೇಡಿ. ಅಕಾಲಿಕ ಮಳೆ ಒಂದು ಬಿದ್ದರೂ ಆ ಮಣ್ಣು ಹಸಿ ಹಿಡಿದು ಕೂರುತ್ತದೆ.

ಬಾವಿ, ಬೋರಿನ ನೀರಿದ್ದವರು ಏಪ್ರಿಲ್ ಕೊನೆಗೆ ನೆಟ್ಟು ಮೇಲೆ ದಪ್ಪಗೆ ರವದಿ ಹೊದಿಸಿ. ಮಳೆ ನಂಬಿದವರು ರೋಹಿಣಿ ಮಳೆಯವರೆಗೆ ಕಾಯಿರಿ. ಮನೆಯೊಳಗೇ ಮೊಳಕೆ ಬಂದರೆ ಹೆದರಬೇಡಿ, ಮುರಿಯಬೇಡಿ. ದೊಡ್ಡ ಗಡ್ಡೆಯನ್ನು ನೆಡುವ ಹೊತ್ತಿಗೇ ಕತ್ತರಿಸಿ. ಪ್ರತಿ ತುಂಡಿಗೂ ನಡುವಿನ ಮೊಳಕೆಯ ಭಾಗ ಸ್ವಲ್ಪ ಬರಬೇಕು. ಟ್ರೈಕೊಡರ್ಮಾ ಬೆರೆಸಿದ ಸಗಣಿ ಬಗ್ಗಡದಲ್ಲಿ ಅದ್ದಿ ನೆರಳಲ್ಲಿ ಆರಿಸಿ ನೆಡಿ.

ಇದೆಲ್ಲ ಸಣ್ಣ ವಿಷಯ ಎನ್ನುವವರು ಲೆಕ್ಕ ಹಾಕಲಿ. 90 ಸೆಂ.ಮೀ. ಅಂತರದಲ್ಲಿ ಎಕರೆಗೆ ಸುಮಾರು 5,000 ಗುಣಿ. ಗುಣಿಗೆ ಅರ್ಧ ಕಿಲೋ ಎಂದರೆ 25 ಕ್ವಿಂಟಲ್ ಬೀಜ. ಕಿಲೋಗೆ 30 ರೂಪಾಯಿ ಎಂದು ಹಿಡಿದರೂ 75,000 ರೂಪಾಯಿ. ಬೀಜ ಕಾಯುವುದು ಗೊತ್ತಿಲ್ಲದ ರೈತ ಪ್ರತಿ ವರ್ಷ ಇಷ್ಟು ಹಣವನ್ನು ಹೊರಗಿನ ವ್ಯಾಪಾರಿಗೆ ಕೊಡಬೇಕು. ನಮಗೆ ಬೀಜ ಕಾಯಲು ಬರದು ಎನ್ನುವುದು ಯಾರಿಗೆ ಲಾಭವೋ ಅವರೇ ನಮಗೆ ಕಲಿಸುತ್ತಾರೆಯೇ?

‘ಬೀದರಿಗೆ ತೊಗರಿ, ಸೋಯಾ ಸಾಕು, ಗಡ್ಡೆ ಯಾಕೆ’ ಎನ್ನುವವರೂ ಇದ್ದಾರೆ. ಹುಮನಾಬಾದ್ ಕಡೆ ಶುಂಠಿ ಬೆಳೆಯುವವರು ಬೀಜದ ಗಡ್ಡೆಯನ್ನು ಮಳೆಗಾಲದವರೆಗೆ ಕಾಪಾಡುತ್ತಾ ಬಂದಿದ್ದಾರೆ. ಆ ತಿಳಿವಳಿಕೆ ನಮ್ಮದೇ ಮನೆಯಲ್ಲಿದೆ.

ಸರ್ಕಾರಕ್ಕೆ ನಾವು ಕೇಳುವುದು ಮೂರೇ. ಒಂದು, 1ನೇ ವಲಯಕ್ಕೆ ಪ್ರತ್ಯೇಕವಾಗಿ ನೆಡುವ, ಅಗೆಯುವ, ಬೀಜ ಕಾಯುವ ವೇಳಾಪಟ್ಟಿ ಕನ್ನಡದಲ್ಲಿ ಬರಲಿ. ಎರಡು, ಬೀದರಿನ ಹಳ್ಳದಕೇರಿಯ ತೋಟಗಾರಿಕೆ ಕಾಲೇಜಾಗಲಿ ಕೃಷಿ ವಿಜ್ಞಾನ ಕೇಂದ್ರವಾಗಲಿ ಮಸಾರಿ, ಎರಿ ಎರಡೂ ಮಣ್ಣಿನಲ್ಲಿ ಗಡ್ಡೆ ಇಟ್ಟು ರೈತರ ಎದುರೇ ತೋರಿಸಲಿ. ಮೂರು, ಮಾರಾಟದ ಬೀಜದ ಚೀಲದ ಮೇಲೆ ಗಡ್ಡೆ ಅಗೆದ ತಿಂಗಳು ಕಡ್ಡಾಯವಾಗಿ ಇರಲಿ.

ಮುಂದಿನ ಗ್ರಾಮಸಭೆಯಲ್ಲಿ ತೋಟಗಾರಿಕೆ ಇಲಾಖೆಯವರು ಕೂತಾಗ ಈ ಮೂರನ್ನೂ ಕೇಳಿ. ‘ನೋಡೋಣ’ ಎಂದರೆ ತಾರೀಖು ಕೇಳಿ, ಬರೆಸಿಕೊಳ್ಳಿ. ಅಲ್ಲಿಯವರೆಗೆ ಬೀಜದ ಗಡ್ಡೆ ನಿಮ್ಮ ಮನೆಯ ಮರಳಿನ ಮೇಲೆ ಮಲಗಿರಲಿ.